ಜೀಪು ನೂಕಿದ ವರ

ಸಮಸ್ತ ನಾಗರಿಕರ ಗಮನಕ್ಕೆ: ನಮ್ಮ ಮನೆಯ ಮುದಿ ಡೀಸೆಲ್ ಜೀಪು ಇಂದು ಮುಂಜಾನೆ ಯಾರೂ ನೂಕದೆ ತಾನಾಗಿಯೇ ಸ್ಟಾರ್ಟ್ ಆಗಿದೆ. ಅದರ ಕಪ್ಪು ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಚಡ್ಡಿ ಹಾಕಿದ ಹುಡುಗನಾದೆ.

ಅಂದು ಅಪ್ಪನ ತಂಗಿ, ನನ್ನ ಅತ್ತೆಯನ್ನು ನೋಡಲು ವಾಗದರಿ ಊರಿನಿಂದ ವರ ಬಂದಿದ್ದ. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ; ಅಜ್ಜಿಗೆ ಅದೇ ಚಿಂತೆ. ಅಪ್ಪನಿಗೆ ಜೀಪಿನ ಘನತೆ ತೋರಿಸುವ ಚಿಂತೆ. ವರನನ್ನು ಎಸ್.ಟಿ. ಬಸ್ ಸ್ಟ್ಯಾಂಡಿಗೆ ಬಿಡಲು ಹತ್ತಿಸಿಕೊಂಡ. ನಾಲ್ಕೂ ಗಾಲಿ ಎಳೆಯುವ ಗಾಡಿ ಒಂದು ಗಾಲಿಯನ್ನೂ ಅಲುಗಿಸಲಿಲ್ಲ.

ವರ ಕೆಳಗಿಳಿದ.

"ನೀವು ಕೂಡ್ರಿ ಪಾವಣೇರ, ನೂಕಬ್ಯಾಡ್ರಿ," ಎಂದ ಅಪ್ಪ.

"ನೀವು ಸ್ಟಿಯರಿಂಗ್ ಹಿಡೀರಿ. ನಮ್ಮ ಟ್ರ್ಯಾಕ್ಟರೂ ಹಿಂಗ ಐತ್ರಿ."

ಅಂಗಿಯ ತೋಳು ಮಡಚಿ ನೂಕಿದ. ಜೀಪು ಕೆಮ್ಮಿ ಎದ್ದಿತು, ಹೊಗೆಯೆಲ್ಲ ಅವನ ಮುಖಕ್ಕೆ. ಒರೆಸಿಕೊಂಡು ನಕ್ಕ.

ಕಿಟಕಿಯಲ್ಲಿದ್ದ ಅತ್ತೆ ಅಜ್ಜಿಗೆ ಹೇಳಿದಳು: "ಅವ್ವಾ, ಹೂಂ ಅಂತ ಹೇಳಿಬಿಡು. ಅಣ್ಣನ ಗಾಡಿ ನೂಕಿನೂ ನಗೂ ಮನಷ್ಯಾ ಮತ್ತೆಲ್ಲಿ ಸಿಗ್ತಾನ?"

ಆ ವರನೇ ನಮ್ಮ ಮಾಮಾ; ಅವರಿಗೆ ಈಗ ಮೊಣಕಾಲು ನೋವು, ನೂಕಲು ಆಗದು. ನಾಳೆ ಇದೇ ಜೀಪಿನಲ್ಲಿ ಅವರನ್ನು ಅಕ್ಕಲಕೋಟೆಗೆ ಕರೆದೊಯ್ಯಬೇಕು. ದಾರಿಯಲ್ಲಿ ನವಿ ಪೇಠೆಯ ಬಜಾರಿನಲ್ಲಿ ನಾವು ನಿಂತಿದ್ದು ಕಂಡರೆ ದಯವಿಟ್ಟು ಒಂದು ಕೈ ಹಚ್ಚಿರಿ. ಸೈಲೆನ್ಸರಿನ ಬದಿ ಮಾತ್ರ ಬಿಟ್ಟು ನಿಲ್ಲಿರಿ.