ಮುಂದಿನ ಫಸಲಿಗೆ ಬರುವ ಬ್ಯಾಟರಿ

ಇವತ್ತು ಬೆಳಿಗ್ಗೆ ದಿಂಡಿಗಲ್ಲಿನ ನಮ್ಮ ಪ್ರಯೋಗಾಲಯದ ಬಾಗಿಲು ತೆಗೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು. ಬೇರೆ ಯಾರಾದರೂ ಆಗಿದ್ದರೆ ನಿನ್ನೆಯ ಊಟದ ಡಬ್ಬಿ ಯಾರದು ಎಂದು ಹುಡುಕುತ್ತಿದ್ದರು. ನಾನು ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು ವರಾಂಡದಲ್ಲಿ ನಿಂತೆ. ಗಂಧಕ ಬೆರೆತ ನಮ್ಮ ಪುಡಿಗೆ ಎಲ್ಲೋ ತೇವ ತಾಗಿತ್ತು.

ವಿಷಯ ಇಷ್ಟೇ. ಈಗಿನ ಬ್ಯಾಟರಿಗಳ ಹೊಟ್ಟೆಯಲ್ಲಿ ಒಂದು ದ್ರವ ಇರುತ್ತದೆ, ಕೆಟ್ಟು ಬಿಸಿಯೇರಿದರೆ ಅದು ಹೊತ್ತಿಕೊಳ್ಳುತ್ತದೆ. ಅದನ್ನು ತೆಗೆದು ಹೊತ್ತಿಕೊಳ್ಳದ ಗಟ್ಟಿ ಬಿಲ್ಲೆಯೊಂದನ್ನು ಇಡುವುದು ನಮ್ಮ ಕೆಲಸ. ಹೇಳಿದಷ್ಟು ಸುಲಭವಲ್ಲ. ಪಿಂಗಾಣಿಯಂಥ ಬಿಲ್ಲೆ ಇಟ್ಟರೆ ಕಣ್ಣಿಗೆ ಕಾಣದ ಬಿರುಕಿನಲ್ಲಿ ಲಿಥಿಯಂ ಬೇರಿನಂತೆ ಇಳಿದು ಆಚೆ ಬದಿ ಮುಟ್ಟುತ್ತದೆ, ಅಲ್ಲಿಗೆ ಬ್ಯಾಟರಿ ಸತ್ತಂತೆ. ಗಂಧಕದ ಮೆದು ಪುಡಿಯನ್ನು ಒತ್ತಿ ಬಿಲ್ಲೆ ಮಾಡಿದರೆ ಚೆನ್ನಾಗಿ ಅಂಟಿ ಕೂರುತ್ತದೆ, ಆದರೆ ಗಾಳಿಯ ತೇವ ಸೋಕಿದರೆ ಸಾಕು, ಈ ನಾತದ ವಿಷಗಾಳಿ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುವ ಸಂಸಾರ ನಮ್ಮದು.

ಸೇರಿದ ಹೊಸದರಲ್ಲಿ ನಾನೇ ಮಾಡಿದ ತಪ್ಪು ನೆನಪಾಯಿತು. ಒಂದು ಮಂಜಿನ ಬೆಳಿಗ್ಗೆ ಆ ಪುಡಿಯ ಸೀಸೆಯನ್ನು ಕಿಟಕಿಯ ಹತ್ತಿರ ಒಯ್ದು ಮುಚ್ಚಳ ತೆಗೆದಿಟ್ಟಿದ್ದೆ, ನಿರಾಳವಾಗಿ. ಓಡೈಪಟ್ಟಿಯ ದ್ರಾಕ್ಷಿ ಚಪ್ಪರದಡಿ ಬೆಳೆದವಳು ನಾನು. ಅಲ್ಲಿ ಬೂದಿರೋಗಕ್ಕೆ ಗಂಧಕ ಉದುರಿಸುವುದೇ ಇಬ್ಬನಿಯ ಹೊತ್ತಿನಲ್ಲಿ. ಅಪ್ಪನ ಅಕ್ಕ ಕೆಂಚಮ್ಮತ್ತೆ ಹಳೇ ಸೀರೆಯ ತುಂಡಿನಲ್ಲಿ ಪುಡಿ ಕಟ್ಟಿ, ಕೋಲಿನಿಂದ ತಟ್ಟುತ್ತ, "ಪನಿ ಇದ್ರೆ ದಾ ಎಲೇಗೆ ಪುಡಿ ಇಡೀತದೆ ಕಣ್ಣು, ಬಿಸುಲು ಬರಂಗಾಟೀ ಮುಗಿಸು" ಎಂದು ಬಿಸಿಲೇರುವ ಮೊದಲೇ ಮುಗಿಸಲು ಅವಸರಪಡಿಸುತ್ತಿದ್ದಳು. ಗಂಧಕಕ್ಕೂ ತೇವಕ್ಕೂ ಸ್ನೇಹ ಎಂದು ನನ್ನ ಕೈ ನಂಬಿಬಿಟ್ಟಿತ್ತು. ಆ ದಿನ ಇಡೀ ಮಹಡಿ ಖಾಲಿ ಮಾಡಿಸಿದ ಕೀರ್ತಿ ನನ್ನದು.

ತಮಿಳು ಬೆರೆತ, ಮುದ್ದಿಗೆ 'ಕಣ್ಣು' ಎನ್ನುವ ಅತ್ತೆಯ ಮನೆಗನ್ನಡ ನನಗೆ ಅರ್ಥವಾಗುತ್ತದೆ, ಆಡಲು ಹೋದರೆ ತಮಿಳಿಗೆ ಜಾರುತ್ತೇನೆ. ನೀವೀಗ ಓದುತ್ತಿರುವ ಈ ಕನ್ನಡ ಮೈಸೂರಿನಲ್ಲಿ ಓದುವಾಗ ಕಲಿತದ್ದು. ಅತ್ತೆ ಇದನ್ನು ಕೇಳಿದರೆ "ಯಾರು ಸತ್ತೋದ್ರು, ಇಷ್ಟು ಮರ್ಯಾದೆಯಾಗಿ ಮಾತಾಡ್ತೀ?" ಎನ್ನುತ್ತಾಳೆ.

ಔಷಧಿ ಹೊಡೆಯಲು ಅವಳು ಬೆನ್ನಿಗೆ ಕಟ್ಟಿಕೊಳ್ಳುವ ಪಂಪಿನಲ್ಲೂ ಇಂಥದೇ, ದ್ರವ ತುಂಬಿದ ಬ್ಯಾಟರಿ. ಅದು ಬಂದ ವರ್ಷ ನಾನು ಭಾರೀ ತಿಳಿದವಳಂತೆ, "ಇದು ಹೊತ್ತಿಕೊಳ್ಳಬಹುದು ಅತ್ತೆ. ಮುಂದಿನ ಫಸಲಿಗೆ ಹೊತ್ತಿಕೊಳ್ಳದ್ದನ್ನು ನಾನೇ ಮಾಡಿ ತಂದುಕೊಡ್ತೀನಿ" ಎಂದಿದ್ದೆ. ಆಮೇಲೆ ಊರಿಗೆ ಹೋದಾಗಲೆಲ್ಲ ಅವಳು "ನಿಂದು ಎಪ್ಪೋ ಬತ್ತದೆ?" ಎನ್ನುವುದು, ನಾನು "ಮುಂದಿನ ಫಸಲಿಗೆ" ಎನ್ನುವುದು. ಬಿಲ್ಲೆಗಳು ಒಡೆಯುತ್ತಲೇ ಇದ್ದವು. ಹಾಗೆಂದು ಹೇಳಲು ನನಗೆ ನಾಚಿಕೆ.

ವರಾಂಡದಲ್ಲಿ ನಿಂತಿದ್ದವಳಿಗೆ ಆ ಪಂಪು ನೆನಪಾಗಿ, ಯಾಕೋ ಭಯವಾಗಿ ಅತ್ತೆಗೆ ಫೋನು ಮಾಡಿದೆ. ಅವಳು ಚಪ್ಪರದಡಿಯೇ ಇದ್ದಳು.

"ಬೆನ್ನು ಸುಡ್ತದೆ ಕಣ್ಣು. ಪೆಟ್ಟಿಗೆ ವಯಿರು ಊದ್ಕೊಂಡದೆ, ಮುಚ್ಚಳ ಕೂರಲ್ಲ. ಸೀಲೆ ಸುತ್ತಿ ಕಟ್ಟಿವ್ನಿ."

"ಬ್ಯಾಟರಿಯ ಹೊಟ್ಟೆ ಊದಿದ್ದಕ್ಕೆ ಸೀರೆ ಸುತ್ತಿದ್ದೀಯಾ? ಈಗಲೇ ಇಳಿಸು ಅತ್ತೆ! ಚಪ್ಪರದ ಹೊರಗೆ, ಬಯಲಿನಲ್ಲಿಟ್ಟು ದೂರ ಹೋಗು. ಹೊಸದು ಯಾಕೆ ತರಲಿಲ್ಲ?"

"ಯಾಕ್ ತರಬೇಕು? ನಿಂದು ದಾ ಬತ್ತದಲ್ಲ."

ಪ್ರಯೋಗಾಲಯವನ್ನು ಜೊತೆಯವರಿಗೆ ಒಪ್ಪಿಸಿ, ಎರಡು ಬಸ್ಸು ಬದಲಾಯಿಸಿ ಓಡೈಪಟ್ಟಿ ಮುಟ್ಟುವವರೆಗೂ, ನಿಂದೇ ಬರುತ್ತದಲ್ಲ ಎಂಬ ಅದೇ ಮಾತು ಕಿವಿಯಲ್ಲಿತ್ತು. ಚಿನ್ನಮನೂರಿನಲ್ಲಿ ಇಳಿದು ಪಂಪಿನ ಅಂಗಡಿಯಲ್ಲಿ ಸಾಧಾರಣ ಹೊಸ ಬ್ಯಾಟರಿ ಕೊಂಡೆ. ದಾರಿಯುದ್ದಕ್ಕೂ ಐದು ಸಲ ಫೋನು ಮಾಡಿದೆ. ಐದು ಸಲವೂ ಅತ್ತೆ ಬೈದಳು. ಬೈಯುತ್ತಿದ್ದಾಳಲ್ಲ ಎಂದು ಐದು ಸಲವೂ ಸಮಾಧಾನವಾಯಿತು.

ಬಯಲಿನಲ್ಲಿ ಒಂಟಿಯಾಗಿ ಕೂತಿದ್ದ ಪಂಪಿನಿಂದ ಊದಿದ ಬ್ಯಾಟರಿಯನ್ನು ಉಸಿರು ಬಿಗಿಹಿಡಿದು ಬಿಡಿಸಿ ಮರಳಿನ ಬಾಂಡಲಿಯಲ್ಲಿಟ್ಟೆ. ಅತ್ತೆ ರವಿಕೆ ಸರಿಸಿ ಬೆನ್ನು ತೋರಿಸಿದಳು. ಅಂಗೈಯಗಲ ಕೆಂಪಾಗಿತ್ತು. ಹೊಸದನ್ನು ಕೂರಿಸುತ್ತಿದ್ದಾಗ ಪಕ್ಕದ ತೋಟದ ಹೆಂಗಸರನ್ನು ಬಂದು ನೋಡಲು ಕರೆದು, "ವಂದು ನೋಡ್ರೀ, ನಮ್ಮ ಉಡುಗಿ ಮಾಡಿದ್ದು" ಎಂದಳು.

ಸುಮ್ಮನಿದ್ದುಬಿಡಬಹುದಿತ್ತು. "ಇಲ್ಲತ್ತೆ, ಇದು ಅಂಗಡೀದು" ಎಂದೆ. "ನಂದು ಎಪ್ಪೋ ಬರ್ತದೆ ಅಂತ ನಂಗೆ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ."

ಅತ್ತೆ ರವಿಕೆ ಸರಿಮಾಡಿಕೊಂಡು, ನನ್ನ ಮುಖ ನೋಡದೆ ಪಂಪು ಎತ್ತಿಕೊಂಡಳು.

"ಇದ ಮುಂಚೇ ಸೊಲ್ಲಿದ್ರೆ," ಎಂದಳು, "ಮೂರು ಫಸಲು ನಾ ಆ ಕೆಟ್ಟ ಪೆಟ್ಟಿಗೇನ ಬೆನ್ನಲ್ಲಿ ಒತ್ಕೊಂಡಿರ್ತಿದ್ನಾ ಕಣ್ಣು?"