ಬಾಣಂತಿ ಕೋಣೆಯ ಹೊಗೆ

ನನ್ನ ಮೊದಲ ಹೆರಿಗೆ ಆದದ್ದು ಚಾಮರಾಜಪೇಟೆಯ ತವರುಮನೆಯಲ್ಲಿ, ಐವತ್ತರ ದಶಕದ ಶುರುವಿನ ಒಂದು ಚಳಿಗಾಲದಲ್ಲಿ. ಆಗ ನನಗೆ ಹತ್ತೊಂಬತ್ತು. ಹೆಣ್ಣು ಮಗು ಹುಟ್ಟಿತು, ಎರಡು ದಿನ ಇತ್ತು, ಮೂರನೆಯ ದಿನ ಬೆಳಿಗ್ಗೆ ಹೋಯಿತು. ಅಪ್ಪ ಅದನ್ನು ತಮ್ಮ ಹಳೆಯ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೊರಟರು, ನನ್ನ ಗಂಡ ಹಿಂದೆ ಹೋದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸ್ನಾನ ಮಾಡಿ ಎಲೆಯ ಮುಂದೆ ಕೂತಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಮಗುವಿನ ಸುದ್ದಿ ಎತ್ತಲಿಲ್ಲ.

ಎತ್ತಲಿಲ್ಲ ಎಂದರೆ ಒಂದು ಅಕ್ಷರವೂ ಇಲ್ಲ. ನಾನು ಊಟಕ್ಕೆ ಏಳುವುದರೊಳಗೆ ತೊಟ್ಟಿಲು ಅಟ್ಟ ಸೇರಿತ್ತು. ಪಕ್ಕದ ಮನೆಯಾಕೆ ಬಂದು, "ಮರ ಗಟ್ಟಿಯಾಗಿದ್ರೆ ಹಣ್ಣಿಗೇನಮ್ಮ ಬರ" ಎಂದು ಕಾಫಿ ಕುಡಿದು ಹೋದರು. ಆ ಲೋಟವನ್ನು ಎತ್ತಿ ಆಕೆಯ ಬೆನ್ನಿಗೆ ಎಸೆಯಬೇಕು ಅನ್ನಿಸಿತ್ತು. ನಾನು ಹುಟ್ಟಾ ಮುಂಗೋಪಿ. ಆದರೆ ಆಗ ನನಗೆ ಬೇಕಾಗಿದ್ದು ಜಗಳವಲ್ಲ. ಯಾರಾದರೂ ಒಬ್ಬರು, ಒಂದೇ ಒಂದು ಸಲ, ಅಂಥದೊಂದು ಮಗು ಇತ್ತು ಅನ್ನುವ ಹಾಗೆ ಮಾತಾಡಬೇಕಾಗಿತ್ತು. ಎರಡು ದಿನ ನನ್ನ ಪಕ್ಕದಲ್ಲಿ ಮಲಗಿದ್ದದ್ದು ನನ್ನ ಭ್ರಮೆಯೇ ಎಂದು ನನಗೇ ಅನುಮಾನ ಬರತೊಡಗಿತ್ತು.

ಅಳುವ ಹಾಗೂ ಇರಲಿಲ್ಲ. ಕಣ್ಣು ತುಂಬಿದ್ದು ಕಂಡರೆ ಸಾಕು, ಅಮ್ಮ ಗದರುತ್ತಿದ್ದಳು. "ಹಸೀ ಬಾಣಂತಿ ಅತ್ರೆ ಸನ್ನಿ ಹಿಡಿಯುತ್ತೆ. ಸುಮ್ನಿರು." ಅಮ್ಮನ ಅಕ್ಕ ಬಾಣಂತಿ ಸನ್ನಿಯಲ್ಲಿ ಬುದ್ಧಿ ಕಳೆದುಕೊಂಡು, ತಿಂಗಳೊಳಗೆ ಸತ್ತಿದ್ದಳಂತೆ. ಅದು ಅಮ್ಮನ ಕಣ್ಣೆದುರೇ ಆದದ್ದು. ಹೀಗಾಗಿ ಅವಳದು ಬರೀ ಬಾಯಿಮಾತಿನ ಗದರಿಕೆಯಾಗಿರಲಿಲ್ಲ, ಅವಳು ನಿಜವಾಗಿಯೂ ಹೆದರಿದ್ದಳು. ಇದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಮಾತ್ರ ಅವಳನ್ನು ಕಲ್ಲು ಎಂದುಕೊಂಡಿದ್ದೆ.

ಮೈಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಎದೆಯಲ್ಲಿ ಹಾಲು ಕಟ್ಟಿಕೊಂಡಿತು. ಹಾಲು ಇಂಗಲಿ ಎಂದು ಎದೆಗೆ ಮಲ್ಲಿಗೆ ಹೂವು ಕಟ್ಟುವ ರೂಢಿ ನಮ್ಮಲ್ಲಿ ಇತ್ತು. ಯಾವತ್ತೂ ಹೂವು ತಂದವರಲ್ಲದ ಅಪ್ಪ ಗಾಂಧಿ ಬಜಾರಿನವರೆಗೆ ನಡೆದು ಹೋಗಿ, ಬಾಳೆಲೆಯಲ್ಲಿ ಕಟ್ಟಿಸಿದ ಮಲ್ಲಿಗೆಯ ಪೊಟ್ಟಣವನ್ನು ತಂದು, ನನ್ನ ಮುಖ ನೋಡದೆ ಹೊಸಿಲ ಮೇಲಿಟ್ಟು ಆಫೀಸಿಗೆ ಹೋಗಿಬಿಡುತ್ತಿದ್ದರು. ಅವತ್ತಿನಿಂದ ಇವತ್ತಿನವರೆಗೆ ನಾನು ಮಲ್ಲಿಗೆ ಮುಡಿದಿಲ್ಲ.

ಐದನೆಯ ದಿನ ಬಾಣಂತಿ ಸ್ನಾನ ಶುರುವಾಗಬೇಕು ಎಂದು ಅಮ್ಮ ಹೇಳಿದಳು. ನನಗೆ ರೇಗಿಹೋಯಿತು.

"ನಂಗ್ಯಾಕೆ ಬಾಣಂತಿ ಸ್ನಾನ? ಯಾರಿಗೋಸ್ಕರ?"

"ನಿನ್ನ ಮೈ ಹಸಿ ಇದೆ ಕಣೇ. ಬೆವರು ಬಿಡಿಸದೇ ಹೋದ್ರೆ ಜೀವನ ಪೂರ್ತಿ ನರಳ್ತೀಯ. ಏಳು."

ನೀರು ಹಾಕಲು ಬಂದವಳು ಸುಲ್ತಾನ್‌ಪೇಟೆಯ ಕಡೆಯ ಒಬ್ಬ ಮುದುಕಿ. ನಮ್ಮ ಬೀದಿಯ ಬಾಣಂತಿಯರಿಗೂ ಮಕ್ಕಳಿಗೂ ನೀರು ಹಾಕುವುದೇ ಅವಳ ಕಸುಬು. ನಾನು ಎಳೆಗೂಸಾಗಿದ್ದಾಗ ನನ್ನನ್ನು ತೊಳೆದವಳೂ ಅವಳೇ. ಮಗು ಹೋದ ವಿಷಯ ಬಾಗಿಲಲ್ಲೇ ಅಮ್ಮ ಅವಳಿಗೆ ಹೇಳಿದ್ದಳು. ಮುದುಕಿ "ಶಿವ ಶಿವಾ" ಎಂದದ್ದು ನನಗೂ ಕೇಳಿಸಿತ್ತು.

ಬಚ್ಚಲುಮನೆಯಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ಮುದುಕಿ ಸೀರೆಯನ್ನು ಮಂಡಿಯವರೆಗೆ ಎತ್ತಿಕಟ್ಟಿ, ಮಣೆಯ ಮೇಲೆ ಕೂತು, ಎರಡೂ ಕಾಲುಗಳನ್ನು ಜೋಡಿಸಿ ಮುಂದಕ್ಕೆ ಚಾಚಿದಳು. ಮೊದಲು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತೊಳೆಯುವುದು, ಆಮೇಲೆ ತಾಯಿಗೆ ನೀರು ಹಾಕುವುದು ಅವಳ ಕ್ರಮ. ಅಂಗೈಗೆ ಹರಳೆಣ್ಣೆ ಹಾಕಿಕೊಂಡು ತಿಕ್ಕುತ್ತ, ತಲೆ ಎತ್ತದೆ ಕೈ ಚಾಚಿದಳು.

"ಎಲ್ಲಿ, ಮಗೀನ ಕೊಡಿ ಅಮ್ಮಾವ್ರೇ."

ಅಮ್ಮನ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬಿತ್ತು. "ಬುದ್ಧಿ ಇದೆಯಾ ನಿಂಗೆ? ಬಾಗಿಲಲ್ಲಿ ಹೇಳಿದ್ದೇನು?" ಎಂದು ಚೀರಿದಳು. ಮುದುಕಿ ಹಣೆ ಚಚ್ಚಿಕೊಂಡಳು. "ತಪ್ಪಾಯ್ತು ಕಣ್ರವ್ವ, ಈ ಕೈ ಮಾಡಿದ್ದು, ಹಾಳಾದ್ದು." ನಾನು ಗೋಡೆ ಹಿಡಿದು ನಿಂತಿದ್ದೆ. ನನಗೆ ಸಿಟ್ಟು ಬರಲಿಲ್ಲ. ಇನ್ನೊಂದು ಸಲ ಹಾಗೇ ಕೇಳಲಿ ಅನ್ನಿಸಿತು. ಮೂರು ದಿನದಲ್ಲಿ ನನ್ನ ಮಗುವನ್ನು ಕೇಳಿದವಳು ಅವಳೊಬ್ಬಳೇ.

ಅವಳು ಚಾಚಿದ ಕಾಲು ಮಡಿಸಲಿಲ್ಲ. "ಬಾ ತಾಯೀ, ನೀನೇ ಬಾ. ನಿನ್ನೂ ಇದೇ ಕಾಲ್ಮೇಲೆ ತೊಳ್ದಿದ್ದು" ಎಂದು ನನ್ನ ತಲೆಯನ್ನು ತನ್ನ ಕಾಲ ಮೇಲೆ ಇಟ್ಟುಕೊಂಡು ನೆತ್ತಿಗೆ ಎಣ್ಣೆ ಹಾಕಿದಳು. ಆಮೇಲೆ ಕೂರಿಸಿ, ಚರ್ಮ ಸುಲಿದು ಬರುವಷ್ಟು ಬಿಸಿಯ ನೀರನ್ನು ಸೊಂಟಕ್ಕೆ, ಬೆನ್ನಿಗೆ ಬೀಸಿ ಬೀಸಿ ಹೊಡೆದಳು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಇಷ್ಟಕ್ಕೇ ಮುಗಿಯಲಿಲ್ಲ. ಒದ್ದೆ ಆರುವ ಮೊದಲೇ ಬಾಣಂತಿ ಕೋಣೆಗೆ ನಡೆಸಿಕೊಂಡು ಹೋಗಿ, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಹಗ್ಗದ ಮಂಚದ ಮೇಲೆ ಮಲಗಿಸಿದರು. ಮೇಲೆ ಎರಡು ಕರಿಕಂಬಳಿ, ಮಂಚದ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ, ಕೆಂಡಕ್ಕೆ ಒಂದು ಚಿಟಿಕೆ ಸಾಂಬ್ರಾಣಿ. ಕಿಟಕಿ ಮುಚ್ಚಿದರು. ಬೆವರು ಕಂಬಳಿಗೆ ಇಳಿಯುವವರೆಗೂ ಬಾಗಿಲು ತೆಗೆಯಕೂಡದು ಎಂದು ಹೇಳಿ ಅಮ್ಮ ಹೊರಗೆ ಹೋಗಿ ಅಗಳಿ ಹಾಕಿದಳು. ಮುದುಕಿ ನನ್ನ ಕಾಲ ಬಳಿ ನೆಲದ ಮೇಲೆ ಉಳಿದಳು.

ಅಂಥ ಕತ್ತಲೆಯನ್ನು ಹಗಲಿನಲ್ಲಿ ನಾನು ಕಂಡಿರಲಿಲ್ಲ. ಉಸಿರು ತೆಗೆದುಕೊಂಡರೆ ಎದೆ ಉರಿಯುತ್ತಿತ್ತು. ಕಂಬಳಿಯ ಉಣ್ಣೆಯ ವಾಸನೆ, ಎಣ್ಣೆಯ ವಾಸನೆ, ಎದೆಗೆ ಕಟ್ಟಿದ ಮಲ್ಲಿಗೆ ಬಾಡಿ ಬೇಯುವ ವಾಸನೆ. ಹಣೆಯಿಂದ, ಕತ್ತಿನಿಂದ, ಮಂಡಿಯ ಹಿಂದಿನಿಂದ ಬೆವರು ಇಳಿಯತೊಡಗಿತು. ಸತ್ತೇಹೋಗುತ್ತೇನೆ ಅನ್ನಿಸಿತು, ಹೋದರೆ ಹೋಗಲಿ ಅಂತಲೂ ಅನ್ನಿಸಿತು. ಬಟ್ಟೆಗಟ್ಟಿದ ಎದೆಯಿಂದ ಹಾಲೂ ಸೋರಿತು. ಅದು ಗೊತ್ತಾದ ಕೂಡಲೇ ನನಗೆ ತಡೆಯಲಾಗಲಿಲ್ಲ. ಕಂಬಳಿಯನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಮುದುಕಿ ನನ್ನ ಅಂಗಾಲು ಹಿಡಿದುಕೊಂಡು ಕೂತಿದ್ದಳು.

ಅಮ್ಮ ಬಾಗಿಲು ತೆಗೆದು ಮುಖ ಒರೆಸಲು ಬಂದವಳು ನನ್ನ ಕಣ್ಣು ನೋಡಿದಳು.

"ಅತ್ಲಾ?"

"ಇಲ್ಲ ಕಣ್ರವ್ವ," ಎಂದಳು ಮುದುಕಿ. "ಹೊಗೆ. ಸಾಂಬ್ರಾಣಿ ಹೊಗೆ ಕಣ್ಣಿಗೋಗೈತೆ."

ಅಮ್ಮ ಅವಳನ್ನು ನೋಡಿದಳು, ಅಗ್ಗಿಷ್ಟಿಕೆಯನ್ನು ನೋಡಿದಳು. ಹಾಕಿದ್ದ ಒಂದು ಚಿಟಿಕೆ ಸಾಂಬ್ರಾಣಿ ಯಾವಾಗಲೋ ಉರಿದು ಬೂದಿಯಾಗಿತ್ತು. ಅಮ್ಮನಿಗೆ ಅದು ಕಾಣದೇ ಇರಲು ಸಾಧ್ಯವಿರಲಿಲ್ಲ. ಆಮೇಲೆ ನನ್ನ ಕತ್ತು ಒರೆಸಿದಳು.

ಮರುದಿನ ಅಮ್ಮ ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಸುರಿದಳು. ಅದರ ಮರುದಿನ ಎರಡು ಹಿಡಿ. ಹೊಗೆ ಬಾಗಿಲ ಸಂದಿನಿಂದ ನಡುಮನೆಗೆಲ್ಲ ತುಂಬಿಕೊಂಡು, ಅಪ್ಪ ಕೆಮ್ಮುತ್ತ, "ಏನೇ ಇದು, ಮನೆಯೋ ಮಠವೋ?" ಎಂದು ಕೇಳಿದರೆ, "ಬಾಣಂತಿ ಕೋಣೆ ಅಂದ್ಮೇಲೆ ಹೊಗೆ ಇರುತ್ತೆ, ನೀವು ಹೊರಗೆ ಕೂತ್ಕೊಳ್ಳಿ" ಎನ್ನುತ್ತಿದ್ದಳು. ಬಾಗಿಲು ಮುಚ್ಚುವ ಮುಂಚೆ ನನ್ನನ್ನು ಮಾತ್ರ ಕೇಳುತ್ತಿದ್ದಳು, "ಹೊಗೆ ಸಾಕೇನೇ?" ನಾನು ಸಾಲದು ಎಂದರೆ ಇನ್ನಷ್ಟು ಹಾಕುತ್ತಿದ್ದಳು. ದಿನಾ ಅರ್ಧ ಗಂಟೆ ನಾನು ಅತ್ತೆ. ಸನ್ನಿ ಹಿಡಿಯಲಿಲ್ಲ.

ಕೊನೆಯ ಸ್ನಾನದ ದಿನ ಮುದುಕಿ ನೀರು ಹಾಕಿ ಬೇಗ ಹೊರಟುಹೋದಳು. ಅಮ್ಮ ಒಳಗೆ ಬಂದು ಅಗಳಿಯನ್ನು ಒಳಗಿನಿಂದ ಹಾಕಿಕೊಂಡಳು. ಸಾಂಬ್ರಾಣಿ ಸುರಿದು, ಮುದುಕಿ ಕೂರುತ್ತಿದ್ದ ಜಾಗದಲ್ಲಿ ಕೂತು, ನನ್ನ ಅಂಗಾಲು ಹಿಡಿದುಕೊಂಡಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಆಮೇಲೆ ಹೇಳಿದಳು:

"ಮೂಗು ನಿಮ್ಮಪ್ಪಂದೇ ಇತ್ತು ಕಣೇ."

"ಹೂಂ," ಎಂದೆ. "ತುದೀಲಿ ಒಂಚೂರು ದಪ್ಪ."

"ಹೂಂ," ಎಂದಳು ಅಮ್ಮ. ಕೋಣೆಯಲ್ಲಿ ಆಗಲೇ ಒಬ್ಬರಿಗೊಬ್ಬರು ಕಾಣದಷ್ಟು ಹೊಗೆಯಿತ್ತು. ಆದರೂ ಅವಳು ಇನ್ನೊಂದು ಹಿಡಿ ತೆಗೆದು ಕೆಂಡಕ್ಕೆ ಹಾಕಿದಳು.