ಕಣ್ಣಿರುವ ಫೋನು

ಗುತ್ತೂರಿನ ಸುಂಕಲಮ್ಮ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಟಿವಿಯ ರಿಮೋಟನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆಮೇಲೇ ಗುಂಡಿ ಒತ್ತುವುದು. ಆರು ಗಂಟೆಗೆ ವಚನಗಳು ಬರುತ್ತವೆ. ಒಳ್ಳೆಯ ಮಾತು ತರುವ ವಸ್ತುವನ್ನು ಸುಮ್ಮನೆ ಕೈಗೆತ್ತಿಕೊಳ್ಳಬಾರದು ಎಂದು ಅವರ ಭಾವನೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ.

ಅವರಿಗೆ ಕಣ್ಣು ಕಾಣದೆ ಒಂಬತ್ತು ವರ್ಷವಾಯಿತು. ಮಗ ರವಿಚಂದ್ರ ಕಾರ್ಖಾನೆಗೂ ಸೊಸೆ ಸುಧಾ ಹರಿಹರದ ಬಟ್ಟೆ ಅಂಗಡಿಗೂ ಹೋದ ಮೇಲೆ ಮನೆ ಸುಂಕಲಮ್ಮನದು. ಮಧ್ಯಾಹ್ನ ನಾಲ್ಕಕ್ಕೆ ಓಣಿಯ ಹೆಂಗಸರು ಮೊರದಲ್ಲಿ ಶೇಂಗಾ ಇಟ್ಟುಕೊಂಡು ಬರುತ್ತಾರೆ. ಕಣ್ಣಿದ್ದ ಅವರಿಗೆ ಚಾನಲ್ ನಂಬರು ನೆನಪಿರುವುದಿಲ್ಲ. ಸುಂಕಲಮ್ಮನಿಗೆ ಎಲ್ಲವೂ ಹೆಬ್ಬೆರಳಲ್ಲಿವೆ. ಐದರ ಗುಂಡಿಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದಲ್ಲ, ಅದೊಂದು ಸಿಕ್ಕರೆ ಉಳಿದ ಗುಂಡಿಗಳು ತಾವಾಗಿ ಸಿಗುತ್ತವೆ.

"ಯಕ್ಕಾ, ಆ ಅತ್ತೆ ಸೊಸೆ ಜಗಳದ್ದು ಹಾಕು," ಎನ್ನುತ್ತಾಳೆ ಎದುರು ಮನೆಯ ಶೋಭಾರಾಣಿ.

"ಅದು ನಿಮ್ಮನ್ಯಾಗೆ ದಿನಾ ಐತಲ್ಲೇ, ಇಲ್ಲಿ ಬ್ಯಾರೆ ಯಾಕ?" ಎನ್ನುತ್ತಲೇ ಸುಂಕಲಮ್ಮ ಹಾಕುತ್ತಾರೆ.

ಶ್ರಾವಣದಲ್ಲಿ ಒಂದು ದಿನ ರಿಮೋಟು ಅಕ್ಕಿ ನೆನೆಸಿದ ಬೋಗುಣಿಯೊಳಗೆ ಬಿತ್ತು. ಎರಡು ದಿನ ಬಿಸಿಲಿಗಿಟ್ಟರೂ ಜೀವ ಬರಲಿಲ್ಲ. ಟಿವಿಯೂ ಅದರ ಬಾಕ್ಸೂ ಹಳೆಯವು, ಮಾಡಿದ ಕಂಪನಿಗಳೇ ಮುಚ್ಚಿದ್ದವು. ಪೇಟೆಯಿಂದ ತಂದ ರಿಮೋಟಿಗೆ ಟಿವಿ ಹೊತ್ತಿಕೊಂಡಿತೇ ಹೊರತು ಕೆಳಗಿನ ಸೆಟ್‌ಟಾಪ್ ಬಾಕ್ಸು ಕದಲಲಿಲ್ಲ.

"ಅತ್ತೆ, ಹಚ್ಚಿಟ್ಟು ಹೋಗ್ತೀನಿ, ಆಡ್ತಿರ್ಲಿ," ಎಂದು ಸುಧಾ ಬೆಳಿಗ್ಗೆ ಬಾಕ್ಸಿನ ಗುಂಡಿಯನ್ನೇ ಒತ್ತಿ ಯಾವುದೋ ಚಾನಲ್ ಹಚ್ಚಿ ಹೋಗತೊಡಗಿದಳು. ಸಂಜೆಯವರೆಗೆ ಅದೇ. ನಾಲ್ಕಕ್ಕೆ ಬಂದ ಹೆಂಗಸರು ಮಿಕ್ಸರ್ ಮಾರುವವನ ಮಾತು ಕೇಳುತ್ತಾ ಶೇಂಗಾ ಸುಲಿದರು. ಮೂರನೆಯ ದಿನ ಶೋಭಾರಾಣಿ ಬರಲಿಲ್ಲ. ಮರುದಿನ ಯಾರೂ ಬರಲಿಲ್ಲ. ಸುಂಕಲಮ್ಮ ಅನ್ನ ಮಾಡುತ್ತಿದ್ದರು, ಬಟ್ಟೆ ಮಡಚುತ್ತಿದ್ದರು. ಆದರೆ ಬೇರೆಯವರು ಬಂದು ತಮ್ಮನ್ನು 'ಮಾಡಿಕೊಡು' ಎಂದು ಕೇಳುತ್ತಿದ್ದುದು ಚಾನಲ್ ಹಾಕುವ ಈ ಒಂದು ಕೆಲಸವನ್ನೇ.

ರವಿಚಂದ್ರ ತನ್ನ ಫೋನಿಗೇ ರಿಮೋಟಿನ ಆ್ಯಪ್ ಹಾಕಿಕೊಂಡ. ಎಷ್ಟು ಒತ್ತಿದರೂ ಟಿವಿ ಓಗೊಡಲಿಲ್ಲ. ಭಾನುವಾರ ಅದನ್ನು ಹಿಡಿದು ದಾವಣಗೆರೆಗೆ ಹೊರಟ. "ನಾನೂ ಬರ್ತೀನಿ, ಕೈಯಾಗೆ ಹಿಡಿದು ನೋಡ್ಬೇಕು," ಎಂದು ಸುಂಕಲಮ್ಮನೂ ಬಸ್ಸು ಹತ್ತಿದರು.

ಕೆ.ಬಿ. ಬಡಾವಣೆಯಲ್ಲಿ ಖಾಜಾ ಹುಸೇನ್ ಸಾಬರದು ರಿಮೋಟು, ರೇಡಿಯೊ ರಿಪೇರಿ ಅಂಗಡಿ. ಫೋನಿನ ತಲೆಯ ಮೇಲೆ ಉಗುರಾಡಿಸಿ ನೋಡಿ ಅವರೆಂದರು, "ಇದಕ್ಕೆ ಕಣ್ಣೇ ಇಲ್ಲಲ್ರಿ. ಕುರುಡು ಫೋನು ಹಿಡ್ಕೊಂಡು ಏನ್ ಮಾಡ್ತೀರಿ?"

ರವಿಚಂದ್ರ ತಾಯಿಯ ಮುಖ ನೋಡಿದ. ಆಕೆಗೆ ಕಣ್ಣು ಕಾಣದೆಂಬುದನ್ನು ಸಾಬರೂ ಆಗಲೇ ಗಮನಿಸಿದ್ದು.

"ನನ್ನ ಜೋಡೀನೇ ಹುಡುಕಿ ತಂದೀಯಲ್ಲೋ ರವಿ!" ಎಂದು ಸುಂಕಲಮ್ಮ ನಕ್ಕುಬಿಟ್ಟರು.

"ತೌಬಾ, ಮಾಫ್ ಮಾಡ್ರಿ ಅಮ್ಮಾರೆ. ರಿಮೋಟಿನ ತುದಿಯಾಗಿರೋ ಬಲ್ಬಿಗೆ ನಾವು ಕಣ್ಣು ಅಂತೀವ್ರಿ. ಅದರ ಬೆಳಕು ನಮಗ್ಯಾರಿಗೂ ಕಾಣಲ್ಲ, ಟಿವಿಗೆ ಅಷ್ಟೇ ಕಾಣ್ತೈತೆ."

"ಹಂಗಾದ್ರೆ ಈ ವಿಷ್ಯದಾಗೆ ನೀವೂ ನಾನೂ ಒಂದೇ ಬಿಡ್ರಿ ಸಾಬ್ರೆ."

ಸಾಬರು ಡ್ರಾಯರಿನಿಂದ ಯಾರೋ ಮಾರಿಹೋದ ಹಳೆಯ ಫೋನೊಂದನ್ನು ತೆಗೆದರು. ಅದಕ್ಕೆ ಕಣ್ಣಿತ್ತು. ಟಿವಿಗೂ ಬಾಕ್ಸಿಗೂ ಒಂದೇ ರಿಮೋಟು ಆಗುವಂತೆ ಆ್ಯಪ್ ಹಾಕಿದರು. ಫೋನಿನ ಸ್ಕ್ರೀನ್ ಲಾಕ್ ತೆಗೆದರು. ಪಕ್ಕದ ಗುಂಡಿ ಒತ್ತಿದರೆ ನಂಬರುಗಳೇ ಬಂದು ನಿಲ್ಲುವಂತೆ ಮಾಡಿದರು. "ಗಾಜು ಸ್ವಲ್ಪ ಒಡದೈತ್ರಿ. ಈ ಮಾಡಲ್ಲಿನ ಗಾಜು ಈಗಿಲ್ಲ. ಸಿಕ್ಕಾಗ ಹೇಳ್ತೀನಿ," ಎಂದು ರವಿಚಂದ್ರನ ನಂಬರು ಬರೆದುಕೊಂಡರು.

ಮರುದಿನ ಬೆಳಿಗ್ಗೆ ಸುಂಕಲಮ್ಮ ವಿಭೂತಿ ಹಚ್ಚಿಕೊಂಡು, ಪಕ್ಕದ ಗುಂಡಿ ಒತ್ತಿ, ಫೋನನ್ನು ಕಣ್ಣಿಗೊತ್ತಿಕೊಂಡರು. ಟಿವಿ ತಾನೇ ಹೊತ್ತಿಕೊಂಡು ಒದರತೊಡಗಿತು.

"ಯವ್ವಾ, ದಾವಣಗೆರೆಗೂ ಕೇಳ್ಲಿ ಅಂತ ಹಾಕೀಯೇನು?" ಎಂದು ರವಿಚಂದ್ರ ಹಾಸಿಗೆಯಿಂದಲೇ ಕೂಗಿದ.

ಗಾಜಿಗೆ ಬೆರಳೂ ಒಂದೇ, ಹಣೆಯೂ ಒಂದೇ. ಮರುದಿನದಿಂದ ಅವರು ಫೋನಿನ ಬೆನ್ನನ್ನು ಕಣ್ಣಿಗೊತ್ತಿಕೊಂಡರು. ಆ ತೊಂದರೆ ನೀಗಿತು. ಆದರೆ ಬೆರಳಿಗೆ ಸಿಗಲು ಚುಕ್ಕೆಯಿಲ್ಲ, ಗುಂಡಿಯಿಲ್ಲ. ಐದು ಎಲ್ಲಿದೆ? ಒಂದು ವಾರ ಅವರ ಬೆರಳು ಗಾಜಿನ ಮೇಲೆ ಅಲೆಯಿತು. ವಚನ ಹುಡುಕಿದರೆ ಕ್ರಿಕೆಟ್ಟು, ಧಾರಾವಾಹಿ ಹುಡುಕಿದರೆ ಇಂಗ್ಲಿಷಿನವರು. "ಬಿಡ್ರಿ ಅತ್ತೆ, ಮೊದಲಿನಂಗೇ ಹಚ್ಚಿಟ್ಟು ಹೋಗ್ತೀನಿ," ಎಂದಳು ಸುಧಾ. ಅವಳು ಹೋದ ಮೇಲೆ ಸುಂಕಲಮ್ಮ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಕಲ್ಲು ಆರಿಸುವಾಗ ಅಕ್ಕಿಯಲ್ಲಿ ಬೆರಳಾಡಿಸುವಷ್ಟೇ ಸಾವಧಾನವಾಗಿ ಮತ್ತೆ ತಡವುತ್ತಾ ಕುಳಿತರು.

ಹದಿನೈದು ದಿನ ಕಳೆದು ಒಂದು ಮಧ್ಯಾಹ್ನ ಖಾಜಾ ಹುಸೇನ್ ಸಾಬರೇ ಬಾಗಿಲಿಗೆ ಬಂದರು. ಒಳಗೆ ನಾಲ್ಕು ಮೊರ, ಶೇಂಗಾ ಸಿಪ್ಪೆಯ ರಾಶಿ. ಟಿವಿಯಲ್ಲಿ ಅತ್ತೆ ಸೊಸೆ ಜಗಳ.

"ಹರಿಹರದಾಗೆ ತಂಗಿ ಮನೆಗೆ ಬಂದಿದ್ದೆ ಅಮ್ಮಾರೆ. ಗಾಜು ಸಿಕ್ತು, ತಂದೇಬಿಟ್ಟೆ. ಏನೂ ಕೊಡ್ಬ್ಯಾಡ್ರಿ, ಅವತ್ತು ನಾನಾಡಿದ ಮಾತು ಮನಸ್ಸಿನಾಗೆ ಉಳಿದುಬಿಟ್ಟೈತೆ. ಅರ್ಧ ಗಂಟೇಲಿ ಹೊಸದರಂಗೆ ಮಾಡಿಕೊಡ್ತೀನಿ."

ಸುಂಕಲಮ್ಮ ಫೋನನ್ನು ಮಡಿಲಿಗೆ ಎಳೆದುಕೊಂಡರು. "ಕೂಡ್ರಿ ಸಾಬ್ರೆ, ಚಾ ಕುಡೀರಿ. ಗಾಜು ಮಾತ್ರ ಬ್ಯಾಡ್ರಿ."

"ಯಾಕ್ರಿ? ಒಡದೈತಲ್ಲ!"

ಸುಂಕಲಮ್ಮ ಗಾಜಿನ ಮೂಲೆಯಿಂದ ಬಿರುಕಿನ ಗುಂಟ ನಿಧಾನವಾಗಿ ಉಗುರು ಎಳೆದು, ಅದು ಎರಡಾಗಿ ಸೀಳಿದ ಕಡೆ ನಿಲ್ಲಿಸಿದರು.

"ಐದು ಇಲ್ಲಿ ಐತ್ರಿ. ನೀವು ಸರಿ ಮಾಡಿದ್ರೆ ನಾನು ಎಲ್ಲಿ ಹುಡುಕ್ಲಿ?"